ಫೋಟೊ ಚೆನ್ನಾಗಿವೆ, ಗ್ಯಾಲರಿ ಯಾಕೆ ಹೀಗಿದೆ?

ಆನ್‌ಲೈನ್ ಫೋಟೊ ಗ್ಯಾಲರಿಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ನಮ್ಮ ಕಡೆಯವೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ. ಇಲ್ಲಿ ಕ್ಯಾಮೆರಾ ಹಿಡಿದವರಿಗೂ ಬರವಿಲ್ಲ, ತೆಗೆಯೋಕೆ ಜಾಗಕ್ಕೂ ಬರವಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ. ಯಾರ ಹೆಸರನ್ನೂ ಹಾಕಿಲ್ಲ. ಲಿಂಕ್ ಕಳಿಸಿದವರ ಗ್ಯಾಲರಿಗಳನ್ನು ನೋಡಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿನ ಹುಡುಗರು ಊರಿನ ಸ್ಮಾರಕಗಳ ಫೋಟೊ ತೆಗೆದು ತಲಾ ಒಂದು ಆನ್‌ಲೈನ್ ಗ್ಯಾಲರಿ ಮಾಡಿದ್ದಾರೆ. ಮಾರ್ಕು ಕೊಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ನಾನು ಗಣಿತದ ಮೇಷ್ಟ್ರು. ಒಂದು ಫೋಟೊ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೋ ಹೇಳಬಲ್ಲೆ. ಗ್ಯಾಲರಿ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೆ ಹೇಳೋದು? ನನಗಂತೂ ಎಲ್ಲಾನೂ ಚಂದನ ಕಾಣ್ತಾವ್ರೀ.
(ಉಪನ್ಯಾಸಕರು, ವಿಜಯಪುರ)

ಉತ್ತರ: ಸರ್, ಎಲ್ಲವೂ ಚಂದ ಕಾಣೋದು ಟೆಂಪ್ಲೇಟ್‌ಗಳ, ಅಂದರೆ ಸಿದ್ಧ ವಿನ್ಯಾಸಗಳ ಮಹಿಮೆ. ಈಗ ಬಿಟ್ಟಿ ಸಿಗುವ ಟೆಂಪ್ಲೇಟ್‌ಗೆ ಸಾಧಾರಣ ಫೋಟೊಗಳನ್ನು ಸುರಿದರೂ ನೋಡೋಕೆ ಲಕ್ಷಣವಾಗಿಯೇ ಇರುತ್ತದೆ. ಅದಕ್ಕೆ ಮಾರ್ಕು ಹಾಕಿದರೆ ಟೆಂಪ್ಲೇಟ್ ಮಾಡಿದವನಿಗೆ ಹಾಕಿದಂತಾಯಿತು. ಯಾವ ಗ್ಯಾಲರಿ ನೋಡಿದರೂ ನಾನು ಕೇಳಿಕೊಳ್ಳೋದು ಒಂದೇ. ಫೋಟೊಗೂ ನನ್ನ ಕಣ್ಣಿಗೂ ನಡುವೆ ಏನೇನು ಅಡ್ಡ ಬಂತು? ಅಡ್ಡ ಬಂದಷ್ಟೂ ಮಾರ್ಕು ಕಳೆಯುತ್ತಾ ಹೋಗಿ. ಕಳೆಯೋ ಲೆಕ್ಕ ನಿಮಗೆ ಹೊಸದೇನಲ್ಲ ಅಲ್ವಾ.

ಕಾಲೇಜಿನ ಲ್ಯಾಬಿನಲ್ಲಿ ಕೂತು ನೋಡಬೇಡಿ. ಅಲ್ಲಿ ಪರದೆ ದೊಡ್ಡದು, ನೆಟ್ ಜೋರು, ಕೋಣೆ ತಂಪು, ಎಲ್ಲವೂ ಪಾಸಾಗುತ್ತದೆ. ವೈಫೈ ಆಫ್ ಮಾಡಿ, ನಿಮ್ಮದೇ ಫೋನ್ ಹಿಡಿದು ಹೊರಗೆ ಬನ್ನಿ. ಬಿಸಿಲಿನಲ್ಲಿ ನಿಂತು ಲಿಂಕ್ ಒತ್ತಿ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಒಂದು ಅಳತೆ ಇಟ್ಟುಕೊಂಡಿದೆ. ನಮ್ಮ ನೆಟ್‌ವರ್ಕಿಗೆ ಇನ್ನೊಂದೆರಡು ಸೆಕೆಂಡು ಮಾಫಿ ಕೊಡಿ. ಅಷ್ಟರಲ್ಲೂ ಬರೀ ಉರುಟು ಚಕ್ರ ತಿರುಗುತ್ತಿದ್ದರೆ ಕೆಂಪು ಪೆನ್ ತೆಗೆಯಿರಿ. ಮೊದಲು ಹುಡುಗನ ಹೆಸರು ದೊಡ್ಡದಾಗಿ ಬಂದು, ಆಮೇಲೆ "ನನ್ನ ಪಯಣ" ಅಂತ ಒಂದು ಪುಟ ಮಾತು ಬಂದು, ಅದಾದ ಮೇಲೆ "ಗ್ಯಾಲರಿಗೆ ಪ್ರವೇಶಿಸಿ" ಅನ್ನೋ ಬಟನ್ ಬಂದರೂ ಅಷ್ಟೇ. ಫೋಟೊ ನೋಡೋಕೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಭಾಷಣ ಮಾಡಬಾರದು.

ನೀವು ಕಳಿಸಿದ ಲಿಂಕುಗಳಲ್ಲಿ ಮೂರರ ಬಗ್ಗೆ ಹೇಳುತ್ತೇನೆ.

ಒಬ್ಬ ಹುಡುಗ ಗೋಲ್‌ಗುಂಬಜ್‌ನ ಎದುರಿನ ಹುಲ್ಲುಹಾಸಿನಲ್ಲಿ ನಿಂತು ತೆಗೆದ ಫೋಟೊಗಳನ್ನೇ ಸಾಲಾಗಿ ಹಾಕಿದ್ದಾನೆ. ಒಂದರಲ್ಲಿ ಮೋಡ ಇದೆ, ಒಂದರಲ್ಲಿ ಇಲ್ಲ. ಒಂದರಲ್ಲಿ ಶಾಲಾ ಮಕ್ಕಳು ಎಡಕ್ಕಿದ್ದಾರೆ, ಇನ್ನೊಂದರಲ್ಲಿ ಬಲಕ್ಕೆ. ಪ್ರತಿಯೊಂದೂ ಚೆನ್ನಾಗಿದೆ, ಅದೇ ಕಷ್ಟ. ಅವನಿಗೆ ಯಾವುದನ್ನೂ ಬಿಡೋಕೆ ಮನಸ್ಸಾಗಿಲ್ಲ, ಬಿಡೋ ಕೆಲಸವನ್ನು ನೋಡುವವರ ಮೇಲೆ ಹಾಕಿದ್ದಾನೆ. ನೋಡುವವರು ಮಾಡೋದೇನು ಅಂದರೆ ನಾಲ್ಕನೆಯದಕ್ಕೆ ಪುಟ ಮುಚ್ಚುತ್ತಾರೆ.

ಎರಡನೆಯ ಗ್ಯಾಲರಿ ಚೌಕ ಚೌಕ ಥಂಬ್‌ನೇಲ್‌ಗಳದ್ದು, ಅಂದರೆ ಒತ್ತಿದರೆ ದೊಡ್ಡದಾಗುವ ಸಣ್ಣ ಚಿತ್ರಗಳದ್ದು. ಇನ್‌ಸ್ಟಾಗ್ರಾಂ ನೋಡಿ ನೋಡಿ ಎಲ್ಲರಿಗೂ ಚೌಕದ ಚಾಳಿ ಹತ್ತಿದೆ. ಅದರಲ್ಲಿ ಮಲಿಕ್-ಎ-ಮೈದಾನ್ ತೋಪಿನ ಫೋಟೊ ಇದೆ, ಹುಡುಗಿ ಒಳ್ಳೇ ಕೋನ ಹುಡುಕಿ ಪಕ್ಕದಿಂದ ತೆಗೆದಿದ್ದಾಳೆ. ಆದರೆ ಆ ತೋಪು 4 ಮೀಟರಿಗೂ ಉದ್ದ. ಟೆಂಪ್ಲೇಟ್ ತಾನಾಗೇ ನಡುಭಾಗವನ್ನು ಚೌಕಕ್ಕೆ ಕತ್ತರಿಸಿದೆ. ಆ ತೋಪಿನ ವಿಶೇಷ ಇರೋದೇ ಅದರ ಮೂತಿಯಲ್ಲಿ, ಸಿಂಹದ ಬಾಯಿ, ಹಲ್ಲುಗಳ ನಡುವೆ ಸಿಕ್ಕ ಆನೆ. ಥಂಬ್‌ನೇಲ್‌ನಲ್ಲಿ ಅದು ಕಾಣೋದೇ ಇಲ್ಲ, ಬರೀ ಒಂದು ಕಪ್ಪು ಕೊಳವೆ. ಅದನ್ನು ಯಾರು ಒತ್ತಿ ದೊಡ್ಡದು ಮಾಡುತ್ತಾರೆ ಹೇಳಿ? ಇಬ್ರಾಹಿಂ ರೋಜಾದ ಅಗಲ ಫೋಟೊಗೂ ಇದೇ ಗತಿ. ಒಂದೇ ಕಟ್ಟೆಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರು ಇವೆ, ಚೌಕದೊಳಗೆ ಉಳಿದಿರೋದು ನಡುವಿನ ಖಾಲಿ ಜಾಗ. ಫೋಟೊದ ಮೂಲ ಆಕಾರ ಹಾಗೇ ಇಟ್ಟು, ಎತ್ತರ ಮಾತ್ರ ಒಂದೇ ಮಾಡಿ ಸಾಲು ಜೋಡಿಸುವ ಲೇಔಟ್ ಎಲ್ಲಾ ಕಡೆ ಸಿಗುತ್ತದೆ. ಅದನ್ನು ಹಾಕಿದ್ದರೆ ಸಾಕಿತ್ತು. ಚೌಕವೇ ಬೇಕು ಅಂತ ಹಟ ಇದ್ದರೆ ಯಾವ ಭಾಗ ಕಾಣಬೇಕು ಅಂತ ಪ್ರತಿಯೊಂದಕ್ಕೂ ಕೈಯಾರೆ ಆರಿಸಬೇಕು.

ಮೂರನೆಯದು ನನಗೆ ಇಷ್ಟವಾಯಿತು. ಬರೀ 14 ಫೋಟೊ. ಮೊದಲನೆಯದರಲ್ಲಿ ಗೋಲ್‌ಗುಂಬಜ್‌ನ ಗುಮ್ಮಟ ತೀರಾ ಸಣ್ಣದು, ಮನೆಗಳ ಮಾಳಿಗೆಯ ಮೇಲೆ, ವೈರುಗಳ ಹಿಂದೆ. ಆಮೇಲೆ ಹತ್ತಿರ ಬರುತ್ತೀರಿ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು, ಕತ್ತಲು, ಕಿಟಕಿಯಿಂದ ಬಿದ್ದ ಬೆಳಕು. ಏಳು ಅಂತಸ್ತು ಹತ್ತಿದ ದಣಿವು ಆ ಎರಡು ಮೂರು ಫೋಟೊದಲ್ಲೇ ಗೊತ್ತಾಗುತ್ತದೆ. ಆಮೇಲೆ ಒಮ್ಮೆಲೇ ಒಳಗಿನ ಪಿಸುಗುಟ್ಟುವ ಗ್ಯಾಲರಿ. ಆಚೆ ದಂಡೆಯಲ್ಲಿ ಗೋಡೆಗೆ ಕಿವಿ ಹಚ್ಚಿ ಕೂತ ಒಬ್ಬ ಅಜ್ಜ, ಅಕ್ಕಿಕಾಳಿನಷ್ಟು ಕಾಣುತ್ತಾನೆ. ಹೊರಗಿಂದ ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟ ಅದು. ಫೋನಿನಲ್ಲಿ ಎಷ್ಟೇ ದೊಡ್ಡದು ಮಾಡಿದರೂ ಹೆಬ್ಬೆರಳಿನಷ್ಟೇ. ಅದರ ಗಾತ್ರ ತಿಳಿಯೋದು ಆ ಅಜ್ಜನಿಂದ, ಮತ್ತೆ ಅವನಿಗಿಂತ ಮುಂಚೆ ಬಂದ ಇಕ್ಕಟ್ಟಿನ ಮೆಟ್ಟಿಲಿನಿಂದ. ಆ ಫೋಟೊವನ್ನೇ ಮೊದಲು ಹಾಕಿದ್ದರೆ ಅರ್ಧ ಬಲ ಹೋಗುತ್ತಿತ್ತು. ಕ್ರಮ ಅಂದರೆ ಇದೇ. ಈ ಹುಡುಗಿಯ ಟೆಂಪ್ಲೇಟ್ ತೀರಾ ಸಾದಾ, ಬಿಳಿ ಪುಟ, ಒಂದರ ಕೆಳಗೆ ಒಂದು ಫೋಟೊ, ಅಷ್ಟೇ. ಬಹುಶಃ ನಿಮ್ಮ ಪಟ್ಟಿಯಲ್ಲಿ ಅವಳು ಕೆಳಗಿದ್ದಾಳೆ.

ಇನ್ನೂ ಒಂದೆರಡು ಕೆಲಸ ಮಾಡಿ. ಒಂದು ಫೋಟೊ ಒತ್ತಿ ದೊಡ್ಡದು ಮಾಡಿ, ಬೆರಳಿನಿಂದ ಸರಿಸಿ ಮುಂದಕ್ಕೆ ಹೋಗಿ, ಆಮೇಲೆ ಫೋನಿನ ಬ್ಯಾಕ್ ಬಟನ್ ಒತ್ತಿ. ಎಲ್ಲಿ ಬಿಟ್ಟಿದ್ದಿರೋ ಅಲ್ಲಿಗೇ ಬಂದರೆ ಸರಿ. ಪುಟದ ತುದಿಗೆ ಎಸೆದರೆ, ಇಲ್ಲ ಸೈಟಿನಿಂದಲೇ ಆಚೆ ಹಾಕಿದರೆ ಮಾರ್ಕು ಕಳೆಯಿರಿ. ಮುಚ್ಚುವ ಗುಂಡಿ ಬೆರಳಿಗೆ ಸಿಗದಷ್ಟು ಸಣ್ಣದಿದ್ದರೂ ಕಳೆಯಿರಿ. ಕೊನೆಗೆ ಎಲ್ಲ ಮುಚ್ಚಿ, ಒಂದು ಚಹಾ ಕುಡಿದು ಬಂದು, ಯಾವ ಫೋಟೊಗಳು ನೆನಪಿವೆ ಅಂತ ಹಾಳೆಯ ಮೇಲೆ ಬರೆಯಿರಿ. ಮೂರಾದರೂ ನೆನಪಾದರೆ ಅದು ಒಳ್ಳೇ ಗ್ಯಾಲರಿ.

ನೂರಕ್ಕೆ ಲೆಕ್ಕ ಕೊಡಲೇಬೇಕು ಅಂದರೆ ನಾನು ಆಯ್ಕೆಗೆ ಮತ್ತು ಕ್ರಮಕ್ಕೆ 40 ಇಡುತ್ತೇನೆ. ಫೋಟೊವನ್ನು ಪೂರ್ತಿ ಆಕಾರದಲ್ಲಿ, ಸರಿಯಾದ ಬಣ್ಣದಲ್ಲಿ, ಸಾಕಷ್ಟು ದೊಡ್ಡದಾಗಿ ತೋರಿಸಿದ್ದಕ್ಕೆ 30. ಫೋಟೊ ಜೊತೆಗಿನ ಬರಹಕ್ಕೆ, ಅಂದರೆ ಕ್ಯಾಪ್ಶನ್‌ಗೆ 20. ವೇಗ, ಬಟನ್ನು, ಮೆನು ಇವಕ್ಕೆಲ್ಲ ಸೇರಿ 10. ವೇಗಕ್ಕೆ ಇಷ್ಟು ಕಡಿಮೆಯಾ ಅಂದರೆ, ತೆರೆಯದ ಗ್ಯಾಲರಿಗೆ ಉಳಿದ 90 ಹಾಕೋ ಪ್ರಸಂಗವೇ ಬರೋದಿಲ್ಲ ಬಿಡಿ. ಚಂದ ಕಾಣೋದಕ್ಕೆ ಬೇರೆ ಮಾರ್ಕು ಬೇಡ.

ಪ್ರಶ್ನೆ: ಸ್ಟುಡಿಯೊಗೆ ಅಂತ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದೆ. ಸ್ಲೈಡ್‌ಶೋ ಇದೆ, ಹಿನ್ನೆಲೆಗೆ ಶಹನಾಯಿ ಇದೆ. ಮದುವೆಯ ಗಿರಾಕಿಗಳಿಗೆ ಲಿಂಕ್ ಕಳಿಸಿದರೆ "ಓಪನ್ ಆಗವಲ್ದು ಅಣ್ಣಾ, ವಾಟ್ಸಾಪ್‌ನ್ಯಾಗ ಕಳಿಸಿಬಿಡ್ರಿ" ಅಂತಾರೆ. ಎಲ್ಲಿ ಎಡವಟ್ಟಾಗಿದೆ?
(ಸ್ಟುಡಿಯೊ ಮಾಲೀಕರು, ಜಮಖಂಡಿ)

ಉತ್ತರ: ಅಣ್ಣಾ, ಕ್ಯಾಮೆರಾದಿಂದ ಬಂದ ಫೈಲುಗಳನ್ನೇ ಹಾಗೇ ಏರಿಸಿದ್ದೀರಿ. ಒಂದೊಂದೂ 10 ಎಂಬಿ ಆಸುಪಾಸು. ಮೊದಲ ಪುಟದಲ್ಲೇ ಅಂಥವು 40 ಇವೆ. ಅಂದರೆ ನಿಮ್ಮ ಗಿರಾಕಿ ಮದುಮಗಳ ಮುಖ ನೋಡೋಕೆ 400 ಎಂಬಿ ಖರ್ಚು ಮಾಡಬೇಕು. ದಿನದ ಡೇಟಾ ಪ್ಯಾಕಿನಲ್ಲಿ ದೊಡ್ಡ ಪಾಲು ನಿಮಗೇ ಹೋಯಿತು!

ನಿಮ್ಮದು 24 ಮೆಗಾಪಿಕ್ಸೆಲ್ ಕ್ಯಾಮೆರಾ, ಫೋಟೊ 6000 ಪಿಕ್ಸೆಲ್ ಅಗಲ. ಹೆಚ್ಚಿನ ಫೋನುಗಳ ಪರದೆ 1080 ಪಿಕ್ಸೆಲ್ ಅಗಲ. ಉಳಿದದ್ದೆಲ್ಲ ಫೋನಿಗೆ ಬಂದು ಸುಮ್ನೆ ವ್ಯರ್ಥ. ಉದ್ದದ ಕಡೆ 2048 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟ 80ರ ಹತ್ತಿರ ಇಟ್ಟು ಉಳಿಸಿ. ಒಂದೊಂದು ಫೋಟೊ ಅರ್ಧ ಎಂಬಿ ಆಚೀಚೆಗೆ ಬರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣೋದಿಲ್ಲ, ಬೇಕಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಜೆಪೆಗ್ ಬದಲು ವೆಬ್‌ಪಿ ಅನ್ನೋ ಬಗೆಯ ಫೈಲು ಮಾಡಿದರೆ ಇನ್ನೂ ಹಗುರ, ಈಗಿನ ಬ್ರೌಸರ್‌ಗಳೆಲ್ಲ ಅದನ್ನು ತೆರೆಯುತ್ತವೆ. ಪ್ರಿಂಟಿಗೆ ಬೇಕಾದ ದೊಡ್ಡ ಫೈಲು ನಿಮ್ಮ ಹಾರ್ಡ್ ಡಿಸ್ಕಿನಲ್ಲಿರಲಿ.

ಸೈಟ್ ಮಾಡಿದವರಿಗೆ ಮೂರು ಮಾತು ಹೇಳಿ. ಥಂಬ್‌ನೇಲ್‌ಗೆ ಬೇರೆ ಸಣ್ಣ ಫೈಲು ಮಾಡಬೇಕು, ಈಗ ದೊಡ್ಡದನ್ನೇ ಕುಗ್ಗಿಸಿ ತೋರಿಸುತ್ತಿದ್ದಾರೆ. ಕೆಳಗಿನ ಫೋಟೊಗಳು ಅಲ್ಲಿಗೆ ಸ್ಕ್ರೋಲ್ ಮಾಡಿದಾಗಲೇ ಲೋಡ್ ಆಗಬೇಕು, ಇದಕ್ಕೆ ಲೇಜಿ ಲೋಡಿಂಗ್ ಅಂತಾರೆ, ಒಂದು ಪದ ಸೇರಿಸುವ ಕೆಲಸ. ಇನ್ನೊಂದು, ಪ್ರತಿ ಫೋಟೊದ ಅಗಲ ಎತ್ತರ ಕೋಡಿನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಫೋಟೊ ಬಂದಾಗಲೆಲ್ಲ ಪುಟ ಕೆಳಕ್ಕೆ ಜಿಗಿಯುತ್ತದೆ. ಮದುಮಗಳನ್ನು ಒತ್ತಲು ಹೋದರೆ ಅಡುಗೆ ಭಟ್ಟರು ತೆರೆದುಕೊಳ್ಳುತ್ತಾರೆ. ತಮಾಷೆ ಅಲ್ಲ, ನಿಮ್ಮ ಸೈಟಿನಲ್ಲಿ ನನಗೆ ಹಾಗೇ ಆಯಿತು.

ಶಹನಾಯಿ ತೆಗೆದುಬಿಡಿ. ತಾನಾಗೇ ಶುರುವಾಗುವ ಶಬ್ದವನ್ನು ಈಗಿನ ಬ್ರೌಸರ್‌ಗಳೇ ಬಹುತೇಕ ತಡೆಯುತ್ತವೆ. ತಡೆಯದೇ ಇದ್ದರೆ ಇನ್ನೂ ಕಷ್ಟ, ತುಂಬಿದ ಬಸ್ಸಿನಲ್ಲಿ ಒಬ್ಬರ ಜೇಬಿನಿಂದ ವಾಲಗ ಎದ್ದರೆ ಅವರು ಮತ್ತೆ ನಿಮ್ಮ ಲಿಂಕ್ ಮುಟ್ಟೋದಿಲ್ಲ. ಸ್ಲೈಡ್‌ಶೋನೂ ನಿಲ್ಲಿಸಿ. ನಿಮ್ಮದರಲ್ಲಿ ಮೂರು ಸೆಕೆಂಡಿಗೆ ಫೋಟೊ ಬದಲಾಗುತ್ತದೆ. ಬೀಗರ ಗುಂಪು ಫೋಟೊದಲ್ಲಿ ನಲವತ್ತು ಮಂದಿ ಇರುತ್ತಾರೆ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ತನ್ನ ಮುಖ ಹುಡುಕುವಷ್ಟರಲ್ಲಿ ಆರತಕ್ಷತೆ ಬಂದಿರುತ್ತದೆ. ಮುಂದಕ್ಕೆ ಹೋಗೋದು ನೋಡುವವರ ಬೆರಳಿಗೆ ಬಿಟ್ಟ ಕೆಲಸ.

ಇನ್ನೂ ಒಂದು. ಮನೆಯವರು ನೋಡುವ ಗ್ಯಾಲರಿಯೇ ಬೇರೆ, ಹೊಸ ಗಿರಾಕಿ ನೋಡುವ ಗ್ಯಾಲರಿಯೇ ಬೇರೆ. ಮನೆಯವರಿಗೆ ಪಾಸ್‌ವರ್ಡ್ ಹಾಕಿ ಎಂಟುನೂರು ಫೋಟೊ ಬೇಕಾದರೂ ಕೊಡಿ, ಅವರಿಗೆ ಪ್ರತಿಯೊಂದು ಮುಖವೂ ಬೇಕು. ಹೊರಗಿನವರಿಗೆ ಎಲ್ಲ ಮದುವೆಗಳಿಂದಲೂ ಆರಿಸಿದ ಇಪ್ಪತ್ತೈದು ಮೂವತ್ತು ಸಾಕು.

ಪ್ರಶ್ನೆ: ನಮ್ಮದು ಇಳಕಲ್ ಸೀರೆ ಅಂಗಡಿ. ಫೋಟೊ ಹಾಕಿ ಆನ್‌ಲೈನ್‌ನಲ್ಲೂ ಮಾರುತ್ತೇವೆ. ಕೆಂಪು ಸೆರಗು ಗ್ಯಾಲರಿಯಲ್ಲಿ ಒಮ್ಮೊಮ್ಮೆ ಕಿತ್ತಳೆ ಕಾಣುತ್ತದೆ, ಒಮ್ಮೊಮ್ಮೆ ಮಂಕು. "ಫೋಟೊದಾಗ ಬೇರೆ ಇತ್ತು" ಅಂತ ಸೀರೆ ವಾಪಸ್ ಬರುತ್ತಿವೆ.
(ಓದುಗಿ, ಇಳಕಲ್)

ಉತ್ತರ: ಅಕ್ಕಾ, ಕೆಂಪಿನಷ್ಟು ಕಾಡುವ ಬಣ್ಣ ಕ್ಯಾಮೆರಾಗೆ ಇನ್ನೊಂದಿಲ್ಲ. ಕಡುಗೆಂಪು ರೇಷ್ಮೆಗೆ ಬೆಳಕು ಸ್ವಲ್ಪ ಜಾಸ್ತಿಯಾದರೂ ಕೆಂಪು ಮಿತಿ ಮೀರಿ, ಎಳೆಗಳೆಲ್ಲ ಕಲಸಿ ಒಂದೇ ಬಣ್ಣದ ಹಾಳೆಯಂತಾಗುತ್ತದೆ. ಅದಕ್ಕೆ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಸ್ವಲ್ಪ ಇಳಿಸಿ ತೆಗೆಯಿರಿ. ಟ್ಯೂಬ್‌ಲೈಟ್ ಮತ್ತು ಬಾಗಿಲ ಬೆಳಕು ಎರಡೂ ಒಂದೇ ಫೋಟೊದಲ್ಲಿ ಬೆರೆಯಬಾರದು. ಬೆಳಗ್ಗೆ ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಟ್ಯೂಬ್ ಆರಿಸಿ ತೆಗೆಯಿರಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಮೊದಲ ಫೋಟೊ ತೆಗೆದರೆ, ಆಮೇಲೆ ಬಿಳಿ ಬಿಳಿಯಾಗಿದೆಯಾ ಅಂತ ನೋಡಿ ಬಣ್ಣ ತಿದ್ದಬಹುದು. ಫಿಲ್ಟರ್ ಅಂತೂ ಮುಟ್ಟಲೇಬೇಡಿ.

ಮಂಕಾಗೋದಕ್ಕೆ ಕಾರಣ ಬೇರೆ ಇರಬಹುದು. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಅಂತ ಬಣ್ಣದ ಆಯ್ಕೆ ಇದ್ದರೆ ಬದಲಿಸಿ, ಎಸ್‌ಆರ್‌ಜಿಬಿ ಮಾಡಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ ಬಣ್ಣದ ಅಳತೆ ಅದು, ಇವತ್ತಿಗೂ ವೆಬ್‌ನಲ್ಲಿ ನಂಬಬಹುದಾದದ್ದು ಅದೇ. ಅಡೋಬಿ ಆರ್‌ಜಿಬಿ ಫೋಟೊ ಏರಿಸಿದಾಗ ಅದರ ಬಣ್ಣದ ಮಾಹಿತಿ ಕಳಚಿಹೋದರೆ ಕೆಂಪೆಲ್ಲ ಸಪ್ಪೆಯಾಗುತ್ತದೆ.

ಈಗ ನಿಮ್ಮ ಗ್ಯಾಲರಿಗೆ ಬರೋಣ. ಪುಟದ ಹಿನ್ನೆಲೆಯನ್ನೇ ಮೆರೂನ್ ಮಾಡಿಸಿದ್ದೀರಿ, ಮೇಲೆ ಚಿನ್ನದ ಬಳ್ಳಿ ಬೇರೆ. ಲಗ್ನಪತ್ರಿಕೆಗೆ ಸರಿ. ಕೆಂಪಿನ ಮೇಲೆ ಕೆಂಪು ಇಟ್ಟರೆ ಸೆರಗಿನ ಬಣ್ಣ ಕಣ್ಣಿಗೆ ಹತ್ತೋದೇ ಇಲ್ಲ. ಬಿಳಿ ಅಥವಾ ತೆಳು ಬೂದು ಮಾಡಿಸಿ, ಅರ್ಧ ದೂರು ಅಲ್ಲೇ ಕಡಿಮೆಯಾಗುತ್ತದೆ.

ಮಾರುವ ಗ್ಯಾಲರಿಯಲ್ಲಿ ಗಿರಾಕಿ ಅಂಗಡಿಗೆ ಬಂದರೆ ಏನೇನು ಮಾಡುತ್ತಾರೋ ಅದೇ ಕ್ರಮ ಇರಲಿ. ಮೊದಲು ಪೂರ್ತಿ ಸೀರೆ. ಆಮೇಲೆ ಟೋಪ ತೆನಿ ವಿನ್ಯಾಸದ ಸೆರಗು, ಬಿಡಿಸಿ ಹರಡಿದ್ದು. ಆಮೇಲೆ ದಡಿ ಹತ್ತಿರದಿಂದ, ಅದರ ವಿನ್ಯಾಸ ಗೋಮಿಯೋ ಚಿಕ್ಕಿಯೋ ಗೊತ್ತಾಗುವ ಹಾಗೆ. ಕಸೂತಿ ಇದ್ದರೆ ಅದರ ಹಿಂಬದಿಯೂ ಒಂದು, ಗೊತ್ತಿರುವ ಹೆಂಗಸರು ಮಗುಚಿ ನೋಡಿಯೇ ನೋಡುತ್ತಾರೆ. ಇವೆಲ್ಲಕ್ಕಿಂತ ಮುಖ್ಯ, ನೀವು ಯಾರೂ ಹಾಕದ ಒಂದು ಫೋಟೊ ಇದೆ. ಮೈಯ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸುವ ಜಾಗ. ಇಳಕಲ್ ನೇಯ್ಗೆಯ ಗುರುತೇ ಅದು. ಅದನ್ನು ಹತ್ತಿರದಿಂದ, ಪಕ್ಕದಲ್ಲಿ ಬೆರಳಿಟ್ಟು ತೆಗೆದು ಹಾಕಿ. ಮಾಡೆಲ್ ಉಟ್ಟ ಫೋಟೊ ಕೊನೆಗೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ.

ಏರಿಸಿದ ಮೇಲೆ ಎರಡು ಬೇರೆ ಬೇರೆ ಕಂಪನಿಯ ಫೋನಿನಲ್ಲಿ ನೋಡಿ. ಕೆಲವು ಫೋನುಗಳಲ್ಲಿ ವಿವಿಡ್ ಅಂತ ಪರದೆಯ ಬಣ್ಣ ಹೆಚ್ಚಿಸುವ ಆಯ್ಕೆ ಇರುತ್ತದೆ, ಅದರಲ್ಲಿ ಕೆಂಪು ಉರಿಯುತ್ತದೆ. ಅದನ್ನು ನೀವು ತಡೆಯೋಕಾಗಲ್ಲ. "ಪರದೆಗೆ ತಕ್ಕಂತೆ ಬಣ್ಣ ಸ್ವಲ್ಪ ಬೇರೆ ಕಾಣಬಹುದು, ಬೇಕಾದರೆ ವಿಡಿಯೊ ಕಾಲ್‌ನಲ್ಲಿ ತೋರಿಸುತ್ತೇವೆ" ಅಂತ ಕೆಳಗೆ ಒಂದು ಸಾಲು ಹಾಕಿ.

ಪ್ರಶ್ನೆ: ಗ್ಯಾಲರಿಗೆ ಕಪ್ಪು ಹಿನ್ನೆಲೆ ಒಳ್ಳೆಯದಾ, ಬಿಳಿಯಾ?
(ವಿದ್ಯಾರ್ಥಿ, ಸವದತ್ತಿ)

ಉತ್ತರ: ರಾತ್ರಿಯ ಫೋಟೊ, ದೀಪ, ಕತ್ತಲ ಗುಡಿಯ ಒಳಭಾಗ ಇಂಥವೇ ಜಾಸ್ತಿ ಇದ್ದರೆ ಕಪ್ಪು. ಕಪ್ಪಿನ ಮೇಲೆ ಬಣ್ಣ ಹೆಚ್ಚು ಹೊಳೆಯುತ್ತದೆ, ನಿಮ್ಮ ಫೋಟೊ ಇರುವುದಕ್ಕಿಂತ ಚೆನ್ನಾಗಿದೆ ಅಂತ ನಿಮಗೇ ಅನ್ನಿಸಿಬಿಡುವ ಅಪಾಯವೂ ಇದೆ. ಬಿಸಿಲಿನಲ್ಲಿ ಫೋನ್ ಹಿಡಿದು ನೋಡುವವರು ಜಾಸ್ತಿ ಅಂದರೆ ಬಿಳಿ, ಯಾಕೆಂದರೆ ಕಪ್ಪು ಪರದೆಯಲ್ಲಿ ಅವರಿಗೆ ಕಾಣೋದು ಅವರದೇ ಮುಖ. ಯಾವುದಾದರೂ ಸರಿ, ಅಕ್ಷರ ಓದೋಕೆ ಬರಲಿ. ಕಪ್ಪಿನ ಮೇಲೆ ಕಡು ಬೂದು ಅಕ್ಷರ ಹಾಕೋದು ಈಗಿನ ಫ್ಯಾಷನ್ನು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ವೆಬ್ ಮಾನದಂಡವೇ ಹೇಳುತ್ತದೆ, ಅಳೆಯೋಕೆ ಬಿಟ್ಟಿ ಸೈಟುಗಳಿವೆ.

ಪ್ರಶ್ನೆ: ಬಾದಾಮಿ, ಪಟ್ಟದಕಲ್ಲು, ಐಹೊಳೆಯ ನನ್ನ ಫೋಟೊಗಳನ್ನು ಒಂದು ಸೈಟಿಗೆ ಹಾಕಿದ್ದೇನೆ. ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಕ್ಯಾಪ್ಶನ್ ಹಾಕಿದ್ದೆ. ನನ್ನ ಕಂಪ್ಯೂಟರಿನಲ್ಲಿ ಸರಿ ಕಾಣುತ್ತದೆ, ಬೇರೆಯವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸದಂತೆ ಬರುತ್ತದೆಯಂತೆ.
(ನಿವೃತ್ತ ಶಿಕ್ಷಕರು, ಬಾದಾಮಿ)

ಉತ್ತರ: ಗುರುಗಳೇ, ನೀವು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುವ ಪದ್ಧತಿ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ, ಉಳಿದ ಕಡೆ ಕಸ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಜಾಗ ಕೊಡುವ ಯೂನಿಕೋಡ್‌ಗೆ ಬದಲಿಸಿದರೆ ಎಲ್ಲ ಫೋನಿನಲ್ಲೂ ಬರುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಹಳೆಯದನ್ನು ಬದಲಿಸುವ ಪರಿವರ್ತಕಗಳೂ ಇವೆ, ಆದರೆ ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಮತ್ತು ಒತ್ತಕ್ಷರದಲ್ಲಿ ಆಗಾಗ ಎಡವುತ್ತವೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಸಾಕು, ಬಿಟ್ಟಿ ಸಿಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿಸಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕ್ಯಾಪ್ಶನ್ ಫೋಟೊದ ಮೇಲೆ ಬೇಡ, ಕೆಳಗಿರಲಿ. ಬಾದಾಮಿಯ ಕೆಂಪು ಕಲ್ಲಿನ ಮೇಲೆ ಬಿಳಿ ಅಕ್ಷರ ಹಾಕಿದರೆ ಎರಡೂ ಕೆಡುತ್ತವೆ.

ಇನ್ನು ಬರೆದಿರೋದರ ಬಗ್ಗೆ. "ಅದ್ಭುತ ಶಿಲ್ಪಕಲೆ", "ನಮ್ಮ ಹೆಮ್ಮೆ" ಅಂತ ಎಲ್ಲದರ ಕೆಳಗೂ ಇದೆ. ಅದು ನೋಡುವವರು ಹೇಳಬೇಕಾದ ಮಾತು ಅಲ್ವಾ? ನೀವು ಅಲ್ಲೇ ಹುಟ್ಟಿ ಬೆಳೆದವರು, ನಿಮಗೆ ಗೊತ್ತಿರೋದು ಎಷ್ಟೋ ಇದೆ. "ಮೂರನೇ ಗುಹೆ, ಬಾದಾಮಿ. ವರಾಂಡದ ತುದಿಯಲ್ಲಿ ಶೇಷನ ಮೇಲೆ ಕೂತ ವಿಷ್ಣು. ಚಾಲುಕ್ಯರ ಮಂಗಳೇಶ ಹಾಕಿಸಿದ, ಕ್ರಿ.ಶ. 578ರ ಶಾಸನ ಇದೇ ಗುಹೆಯಲ್ಲಿದೆ. ಡಿಸೆಂಬರ್ ಬೆಳಗ್ಗೆ ತೆಗೆದದ್ದು." ಇಷ್ಟು ಬರೆದರೆ ಓದುವವರು ಮತ್ತೆ ಫೋಟೊ ಕಡೆ ಕಣ್ಣು ಹಾಯಿಸುತ್ತಾರೆ. ಏನು, ಎಲ್ಲಿ, ಯಾವಾಗ, ಮತ್ತು ಫೋಟೊದಲ್ಲಿ ಕಾಣದ ಒಂದು ಸಂಗತಿ.

ತಾರೀಖು ಮರೆಯಬೇಡಿ. 1855ರಲ್ಲಿ ಬಾಂಬೆ ಸರ್ಕಾರಕ್ಕಾಗಿ ಥಾಮಸ್ ಬಿಗ್ಸ್ ಅನ್ನೋ ಸೇನಾಧಿಕಾರಿ ವಿಜಯಪುರ, ಬಾದಾಮಿ, ಐಹೊಳೆ ಕಡೆ ಬಂದು ಫೋಟೊ ತೆಗೆದರು. ಇವತ್ತು ಆ ಚಿತ್ರಗಳಿಗೆ ಅಷ್ಟು ಬೆಲೆ ಇರೋದು ಯಾವ ಊರು, ಯಾವ ಇಸವಿ ಅಂತ ಗೊತ್ತಿರೋದರಿಂದ. ನಿಮ್ಮ ಸೈಟಿನಲ್ಲಿ ಪಟ್ಟದಕಲ್ಲಿನ ಹಳೇ ಫೋಟೊಗಳಿವೆ, 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರುವುದಕ್ಕೂ ಮುಂಚಿನವು ಅಂತ ಬರೆದಿದ್ದೀರಿ. ಗುಡಿಗಳ ಸುತ್ತಲಿನ ಮನೆ, ದಾರಿ ಎಲ್ಲಾ ಅದರಲ್ಲಿ ಕಾಣುತ್ತವೆ. ಸೈಟಿನಲ್ಲಿ ಅವು ಕೊನೆಯ ಪುಟದಲ್ಲಿ, "ಇತರೆ" ಅನ್ನೋ ಮೆನುವಿನೊಳಗೆ ಕೂತಿವೆ! ಮೊದಲ ಪುಟಕ್ಕೆ ತನ್ನಿ. ನೆನಪಿದ್ದಷ್ಟು ಇಸವಿ ಹಾಕಿ, ಖಚಿತ ಇಲ್ಲದ ಕಡೆ "ಸುಮಾರು" ಅಂತ ಬರೆಯಿರಿ.

ಪ್ರಶ್ನೆ: ಗೋಕಾಕ ಜಲಪಾತದ ನನ್ನ ಫೋಟೊ ಯಾರ್ಯಾರದೋ ಪೇಜಿನಲ್ಲಿ ಓಡಾಡುತ್ತಿದೆ. ನಡುವೆ ದೊಡ್ಡದಾಗಿ ವಾಟರ್‌ಮಾರ್ಕ್ ಹಾಕಲೇ?
(ಓದುಗ, ಗೋಕಾಕ)

ಉತ್ತರ: ಬೇಡ. ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕುವ ನೀರಿನ ಮೇಲೆ ನಿಮ್ಮ ಹೆಸರು, ಫೋನ್ ನಂಬರ್ ಓದುತ್ತಾ ಕೂರೋಕೆ ಯಾರೂ ಬರಲ್ಲ. ಕದಿಯುವವನಿಗೂ ಅದು ದೊಡ್ಡ ತಡೆಯಲ್ಲ, ಈಗಿನ ಆ್ಯಪ್‌ಗಳು ವಾಟರ್‌ಮಾರ್ಕ್ ಅಳಿಸಿಬಿಡುತ್ತವೆ. ಮೂಲೆಯಲ್ಲಿ ಸಣ್ಣದಾಗಿ ಹೆಸರು ಹಾಕಿ. ದೊಡ್ಡ ಫೈಲು ಏರಿಸಬೇಡಿ. ಫೈಲಿನ ಒಳಮಾಹಿತಿಯಲ್ಲಿ ಹೆಸರು ತುಂಬಿ, ಆದರೆ ವಾಟ್ಸಾಪ್‌ನಂಥವು ಅದನ್ನು ಕಿತ್ತುಹಾಕುತ್ತವೆ ಅಂತ ಗೊತ್ತಿರಲಿ. ಹಕ್ಕು ನಿಮ್ಮದೇ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಫೋಟೊಗೆ ರಕ್ಷಣೆ ಸಿಗೋಕೆ ನೋಂದಣಿ ಬೇಕಿಲ್ಲ. ತೆಗೆದವರು ಬದುಕಿರುವ ತನಕ, ಆಮೇಲೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಆ ಹಕ್ಕು ಇರುತ್ತದೆ. ಮೂಲ ಫೈಲು ಜೋಪಾನವಾಗಿಡಿ, ಜಗಳ ಬಂದರೆ ಸಾಕ್ಷಿ ಅದೇ.

ಪ್ರಶ್ನೆ: ಮದುವೆ ಫೋಟೊ ತೆಗೆದವರು ನಮ್ಮನ್ನು ಕೇಳದೆ ತಮ್ಮ ಗ್ಯಾಲರಿಯಲ್ಲಿ ಹಾಕಿಕೊಂಡಿದ್ದಾರೆ. ಕೇಳಿದರೆ "ತೆಗೆದದ್ದು ನಾವು, ಹಕ್ಕು ನಮ್ಮದು" ಅಂತಾರೆ. ಹೌದಾ?
(ಓದುಗಿ, ಬೆಳಗಾವಿ)

ಉತ್ತರ: ಸಾಮಾನ್ಯವಾಗಿ ತೆಗೆದವರದ್ದೇ ಹಕ್ಕು, ಆದರೆ ನಿಮ್ಮ ವಿಷಯದಲ್ಲಿ ಹಾಗಲ್ಲ. ಅದೇ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊಗೆ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಮುಂಗಡ ಕೊಟ್ಟಾಗ ಸಹಿ ಹಾಕಿದ ಕಾಗದ ಮೊದಲು ಓದಿ, ಹಿಂಬದಿಯ ಸಣ್ಣ ಅಕ್ಷರವನ್ನೂ. ಅದರಲ್ಲೇನೂ ಇಲ್ಲದಿದ್ದರೆ ಗ್ಯಾಲರಿಯಿಂದ ತೆಗೆದುಹಾಕಿ ಅಂತ ಬರವಣಿಗೆಯಲ್ಲಿ ಕೇಳಿ. ಸ್ಟುಡಿಯೊದವರಿಗೂ ಒಂದು ಮಾತು. ಕೇಳಿ ಹಾಕಿದರೆ ಹೆಚ್ಚಿನವರು ಬೇಡ ಅನ್ನೋದಿಲ್ಲ. ಮಕ್ಕಳ ಮುಖ ಇದ್ದರೆ ಎರಡು ಸಲ ಕೇಳಿ. ಫೋನಿನಲ್ಲಿ ತೆಗೆದ ಫೋಟೊ ಆದರೆ ಅದರೊಳಗೆ ಜಾಗದ ಗುರುತು ಕೂತಿರಬಹುದು, ಮನೆ ಎಲ್ಲಿ ಅಂತ ಅಪರಿಚಿತರಿಗೆ ನಕ್ಷೆ ಕೊಟ್ಟಂತೆ. ಏರಿಸುವ ಮುನ್ನ ಅಳಿಸಿ.

ಪ್ರಶ್ನೆ: ಇನ್‌ಸ್ಟಾಗ್ರಾಂ ಇರುವಾಗ ಬೇರೆ ಗ್ಯಾಲರಿ ಯಾಕೆ ಬೇಕು? ಅಲ್ಲಿ ನೋಡೋರೇ ಜಾಸ್ತಿ.
(ವಿದ್ಯಾರ್ಥಿನಿ, ನಿಪ್ಪಾಣಿ)

ಉತ್ತರ: ನೋಡೋರು ಜಾಸ್ತಿ ಅನ್ನೋದು ನಿಜ, ಅಲ್ಲಿ ಇರಬೇಡಿ ಅಂತ ನಾನು ಹೇಳಲ್ಲ. ಆದರೆ ಅಲ್ಲಿ ಗೋಡೆ ನಿಮ್ಮದಲ್ಲ. 2010ರಲ್ಲಿ ಶುರುವಾದಾಗ ಚೌಕ ಫೋಟೊ ಬಿಟ್ಟರೆ ಬೇರೆ ಆಕಾರಕ್ಕೆ ಜಾಗವೇ ಇರಲಿಲ್ಲ. 2015ರಲ್ಲಿ ಅಡ್ಡ, ಉದ್ದ ಎರಡಕ್ಕೂ ಬಿಟ್ಟರು. ಪ್ರೊಫೈಲ್ ಪುಟದ ಥಂಬ್‌ನೇಲ್ ಮಾತ್ರ ಚೌಕವಾಗೇ ಉಳಿಯಿತು, ಎಷ್ಟೋ ಜನ ಒಂಬತ್ತು ಚೌಕ ಸೇರಿಸಿ ಒಂದು ದೊಡ್ಡ ಚಿತ್ರ ಕಾಣುವ ಹಾಗೆ ಜೋಡಿಸಿಕೊಂಡರು. 2025ರ ಜನವರಿಯಲ್ಲಿ ಆ ಚೌಕಗಳನ್ನೂ ಉದ್ದ ಮಾಡಿದರು. ಜೋಡಿಸಿದವರ ಚಿತ್ರಗಳೆಲ್ಲ ಒಂದೇ ದಿನಕ್ಕೆ ಹರಕುಮುರುಕು. ಕ್ರಮವೂ ಪೂರ್ತಿ ನಿಮ್ಮ ಕೈಲಿಲ್ಲ, ಸಾಮಾನ್ಯವಾಗಿ ಹೊಸದು ಮೇಲೆ, ಹಳೆಯದು ಕೆಳಗೆ. ನೀವು ನಿಪ್ಪಾಣಿಯ ತಂಬಾಕಿನ ಹೊಲಗಳನ್ನು ನಾಟಿಯಿಂದ ಎಲೆ ಒಣಗಿಸುವ ತನಕ ತೆಗೆದಿದ್ದೀರಿ. ಅದನ್ನು ನಾಟಿಯಿಂದಲೇ ಶುರು ಮಾಡಿ ತೋರಿಸೋಕೆ ಅಲ್ಲಿ ಅಷ್ಟು ಸಲೀಸಾಗಿ ಆಗುತ್ತಾ?

ದುಡ್ಡು ಖರ್ಚು ಮಾಡಬೇಕಿಲ್ಲ. ಫ್ಲಿಕರ್ ಅನ್ನೋ ಫೋಟೊ ಸೈಟಿನ ಬಿಟ್ಟಿ ಖಾತೆಯಲ್ಲಿ 1000 ಫೋಟೊ ತನಕ ಜಾಗ ಇದೆ, ಆಲ್ಬಂ ಮಾಡಿ ನಿಮಗೆ ಬೇಕಾದ ಕ್ರಮದಲ್ಲಿ ಜೋಡಿಸಬಹುದು. ಆ ಹೊಲಗಳ ಇಪ್ಪತ್ತು ಫೋಟೊ ಆರಿಸಿ ಒಂದು ಆಲ್ಬಂ ಮಾಡಿ, ಲಿಂಕನ್ನು ಇನ್‌ಸ್ಟಾಗ್ರಾಂ ಬಯೊದಲ್ಲಿ ಹಾಕಿ. ಊರಿಗೆಲ್ಲ ಹಂಚುವ ಮುಂಚೆ ಮನೆಯಲ್ಲಿರೋ ಅತಿ ಹಳೇ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಆಮೇಲೆ ನನಗೂ ಕಳಿಸಿ.